ವಿಠೋಬಣ್ಣನ ಅಳತೆ ಪುಸ್ತಕ

ಹನ್ನೊಂದನೆಯ ದಿನದ ಊಟ ಮುಗಿದು, ಬಂದವರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಎಂದಿನಂತೆ ಆರಕ್ಕೆ ಎದ್ದೆ. ನಳದಲ್ಲಿ ನೀರು ಬಂದಿತ್ತು. ಎರಡು ಕೊಡ ತುಂಬಿಸಿದೆ. ಹಾಲಿನವನು ಒಂದು ಲೀಟರೋ ಅರ್ಧವೋ ಎಂದು ಕೇಳಲಾರದೆ ಪಾತ್ರೆಯನ್ನೇ ನೋಡುತ್ತ ನಿಂತಿದ್ದ. ಅರ್ಧ ಎಂದೆ. ಒಳಗೆ ಬಂದರೆ ಗೋಡೆಯ ಮೇಲೆ ನನ್ನ ಗಂಡ ಪ್ರಭುಲಿಂಗನ ದೊಡ್ಡ ಫೋಟೋ. ಮದುವೆಯ ಫೋಟೋದಿಂದ ಮಾಡಿಸಿದ್ದು. ಮೈದುನ ನನ್ನನ್ನು ಕೇಳದೆ ಸ್ಟುಡಿಯೋಗೆ ಒಯ್ದಿದ್ದ. ಕೇಳಿದ್ದರೂ ಬೇಡ ಎನ್ನುತ್ತಿರಲಿಲ್ಲವೇನೋ. ಮದುವೆಯ ಫೋಟೋವನ್ನು ಅವನು ಜೋಪಾನವಾಗಿ ತಂದು ಕಪಾಟಿನಲ್ಲಿ ಇಟ್ಟು ಹೋಗಿದ್ದಾನೆ. ಅದರಲ್ಲಿ ಈಗ ನಾನೊಬ್ಬಳೇ ನಿಂತಿದ್ದೇನೆ. ಪಕ್ಕದಲ್ಲಿ ಒಂದು ಕುರ್ಚಿಯ ಬೆನ್ನು ಕಾಣುತ್ತದೆ. ಅಲ್ಲೊಂದು ಕುರ್ಚಿ ಇತ್ತೆಂಬುದು ಐದು ವರ್ಷ ನನಗೆ ಗೊತ್ತಿರಲಿಲ್ಲ.

ಈ ಊರಿನಲ್ಲಿ ಹಾಗೆಯೇ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೆ ಮೊದಲಿನದು ಇರುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮನ ಕಾಗದದಿಂದ ಸಾರಿನ ಪುಡಿಯ ಪ್ರಮಾಣವನ್ನು ಡೈರಿಗೆ ಬರೆದುಕೊಂಡೆ. ಕಾಗದದಲ್ಲಿ ಆ ಏಳು ಸಾಲು ಬಿಳಿಯಾಯಿತು. ಪ್ರಭು ನಕ್ಕು, "ಮೊದಲು ಓದಿ, ಕಣ್ಣು ಮುಚ್ಚಿ ನೆನಪು ಮಾಡ್ಕೊಂಡು, ಆಮೇಲೆ ಬರಿ. ನೆನಪಿನಿಂದ ಬರೆದದ್ದು ಯಾವುದನ್ನೂ ಅಳಿಸೂದಿಲ್ಲ" ಅಂದಿದ್ದ. ಊರಿನಲ್ಲಿ ಒಂದು ಝೆರಾಕ್ಸ್ ಅಂಗಡಿ ಇದೆ. ಹರಿದ ಕಾಗದದಲ್ಲಿದ್ದದ್ದನ್ನು ಹೊಸ ಕಾಗದಕ್ಕೆ ದಾಟಿಸಲು ಮಾತ್ರ ಜನ ಅಲ್ಲಿಗೆ ಹೋಗುತ್ತಾರೆ. ಮರಣದ ದಾಖಲೆಗೆ ಹೋದಾಗ ಕಚೇರಿಯ ಗುಮಾಸ್ತ ತಲೆ ಎತ್ತದೆ ಕೇಳಿದ್ದ: "ರಿಜಿಸ್ಟರಿನ್ಯಾಗ ಇರ್ಲೋ, ನಿಮ್ಮ ಕೈಯಾಗ ಇರ್ಲೋ?" ಕೈಯಲ್ಲಿ ಎಂದೆ. ಬರೆದುಕೊಟ್ಟ. ರಿಜಿಸ್ಟರಿನ ಆ ಸಾಲು ಬರಿದಾದದ್ದನ್ನು ಇಬ್ಬರೂ ನೋಡಿದೆವು. ಅವನು ಪುಟ ಮಗುಚಿದ.

ಹತ್ತು ಗಂಟೆಗೆ ಶಾಲೆಗೆ ಹೋದೆ. ಹಿಂದಿನ ದಿನ ಊಟಕ್ಕೆ ಬಂದಿದ್ದ ಹೆಡ್ ಮಾಸ್ಟರ್ ಹಾಲಪ್ಪನವರು ಕಂಪ್ಯೂಟರ್ ಕೋಣೆಯ ಕೀಲಿಕೈಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. "ಅಕ್ಕೋರ, ಇದನ್ನ ಇವತ್ತ ಕೇಳಬಾರ್ದು. ಆದ್ರ ಪರೀಕ್ಷಾ ಇನ್ನ ಏಳು ವಾರ ಐತಿ. ನೀವೂ ಅದನ್ನ ಓದೀರಿ" ಎಂದರು. ನಾನು ಮತ್ತು ಪ್ರಭು ವಿಶ್ವವಿದ್ಯಾಲಯದಲ್ಲಿ ಒಂದೇ ತರಗತಿ, ಒಂದೇ ವಿಷಯ. ಅಂಕ ನನಗೆ ಹೆಚ್ಚು ಬಂದಿತ್ತು, ಈ ಶಾಲೆಯ ಕೆಲಸ ಅವನಿಗೆ ಸಿಕ್ಕಿತ್ತು. ಕೀಲಿಕೈ ತೆಗೆದುಕೊಂಡೆ.

ಹತ್ತನೆಯ ತರಗತಿಯಲ್ಲಿ ಇಪ್ಪತ್ಮೂರು ಮಕ್ಕಳು. ಎಂಟು ಯಂತ್ರಗಳಲ್ಲಿ ಐದು ಚಾಲೂ ಆಗುತ್ತಿದ್ದವು. ನಾನು ಹಲಗೆಯ ಮೇಲೆ ನಾಲ್ಕು ಸಾಲು ಬರೆದು "ಬರೆದುಕೊಳ್ಳಿ" ಎಂದೆ. ಮುಂದಿನ ಬೆಂಚಿನ ಹುಡುಗ ಬರೆಯತೊಡಗಿದ. ಮೊದಲನೆಯ ಸಾಲು ಹಲಗೆಯಿಂದ ಹೋಯಿತು. ಹಿಂದಿನವರೆಲ್ಲ ಲೊಚಗುಟ್ಟಿದರು.

"ಅಕ್ಕೋರ, ಕಣ್ಣ ಮುಚ್ಚರಿ ಅನ್ನೂದು ಬಿಟ್ರಿ," ಎಂದ ಮಹಾಂತೇಶ. ಉದ್ದನೆಯ ಹುಡುಗ. ಯಾವುದಕ್ಕೂ ಮೊದಲು ಬಾಯಿ ತೆರೆಯುವವನು ಅವನೇ ಎಂದು ಅವತ್ತೇ ಗೊತ್ತಾಯಿತು.

ಮತ್ತೆ ಬರೆದೆ. ಓದಿರಿ ಎಂದೆ. ಕಣ್ಣು ಮುಚ್ಚಿ ಎಂದೆ. ಇಪ್ಪತ್ಮೂರು ಮುಖಗಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದವು. ಆಮೇಲೆ ಹಲಗೆಗೆ ಬೆನ್ನು ಮಾಡಿ ತಿರುಗಿ ಕೂತು ಬರೆದರು. ಹಲಗೆ ಹಾಗೆಯೇ ಉಳಿಯಿತು. ಪ್ರಭು ಪ್ರತಿದಿನ ಎದುರಿಗೆ ಕಂಡಿದ್ದು ಇದನ್ನು. ಮನೆಯಲ್ಲಿ ಹೇಳಿದ್ದ ಕೂಡ. ಹೇಳಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ.

ಪಠ್ಯಪುಸ್ತಕ ಹೊರಗಿನದು. ನಾಲ್ಕನೆಯ ಪಾಠದಲ್ಲಿ 'ಕಡತವನ್ನು ನಕಲು ಮಾಡಿದಾಗ ಮೂಲ ಕಡತವು ಹಾಗೆಯೇ ಉಳಿಯುತ್ತದೆ' ಎಂದಿದೆ. ಬೇರೆ ದೇಶದಲ್ಲಿ ಹಿಮ ಬೀಳುತ್ತದೆ ಎಂದು ಕಲಿಯುವ ಹಾಗೆ ಮಕ್ಕಳು ಅದನ್ನು ಕಲಿತಿದ್ದರು. ಯಾಕೆ ಇಲ್ಲಿ ಉಳಿಯುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಅದು ಹೊರಗಿನಿಂದ ಬಂದವರು ಕೇಳುವ ಪ್ರಶ್ನೆ. ನಾನೂ ಕೇಳುವುದನ್ನು ಬಿಟ್ಟು ವರ್ಷಗಳಾಗಿವೆ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಸಿಂಪಿಗ ವಿಠೋಬಣ್ಣ ಬಂದು ಬಾಗಿಲಲ್ಲಿ ನಿಂತರು. ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಊರಿನ ಗಂಡಸರ ಅಂಗಿಯೆಲ್ಲ ಅವರ ಕೈಯದು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ಸರ್ ನನ್ನ ಅಳತಿ ಪುಸ್ತಕ ಒಯ್ದಿದ್ರು. ಹುಡುಗೂರಿಗೆ ಕಲಿಸಾಕ ಅಂತ."

"ಯಾವಾಗ?"

"ಒಂದ ತಿಂಗಳಾತು. ಪುಸ್ತಕದಾಗಿಂದು ಮಷೀನಿಗೆ ಹೋಗ್ತೈತಿ, ಆಮ್ಯಾಲ ಹುಡುಗೂರು ಬಾಯಿಪಾಠ ಮಾಡಿ ಪುಸ್ತಕದಾಗ ತಿರುಗಿ ಬರೀತಾರ, ಎರಡೂ ಕಡಿ ಇರ್ತೈತಿ ವಿಠೋಬಣ್ಣ, ನಾಳೆ ಇಲಿ ಕಡದ್ರೂ ಚಿಂತಿಲ್ಲ ಅಂದ್ರು. ನಾನೂ ಹೂಂ ಅಂದೆ." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಯುಗಾದಿ ಅರಿವಿ ಬಂದು ಬಿದ್ದಾವ್ರಿ. ಮಂದಿ ಬಟ್ಟಿ ಇಟ್ಟು, ಅಳತಿ ಐತಲ್ಲ ಅಂತಾರ, ಹೋಗ್ತಾರ. ಐತಿ ಅಂತೀನಿ. ಎಲ್ಲೈತಿ?"

"ಮತ್ತೊಮ್ಮೆ ಅಳತೆ ತೆಗೆದುಕೊಂಡರೆ?"

"ಇನ್ನೂರ ಚಿಲ್ಲರ ಮಂದಿನ್ನ ಕರದು ನಿಲ್ಲಿಸಿದ್ರ ವಿಠೋಬ ಪುಸ್ತಕ ಕಳಕೊಂಡ ಅಂತ ಸಂಜೀಕ ಊರಿಗೆಲ್ಲ ಗೊತ್ತಾಗ್ತೈತಿ. ಪುಸ್ತಕ ಕಳಕೊಂಡ ಸಿಂಪಿಗನ ಕಡಿ ಯಾರು ಬರ್ತಾರ್ರಿ? ನನ್ನ ಅಂಗಡಿ ಎದುರಿಗೇ ರೆಡಿಮೇಡ್ ಅಂಗಡಿ ತಗದಾನ ಒಬ್ಬಾಂವ." ಹತ್ತು ದಿನ ಹೇಗಾದರೂ ನೂಕುತ್ತೇನೆ, ಅದಕ್ಕಿಂತ ಆಗುವುದಿಲ್ಲ ಎಂದರು.

ಪುಸ್ತಕ ಪ್ರಭುವಿನ ಚೀಲದಲ್ಲಿತ್ತು. ಉದ್ದನೆಯದು, ಕಂದು ಕಾಗದದ ಹೊದಿಕೆ. ಚೀಲವನ್ನು ನಾನು ಅದುವರೆಗೆ ತೆರೆದಿರಲಿಲ್ಲ. ಪುಟಗಳು ಬರಿದಾಗಿದ್ದವು, ಪೂರ್ತಿ ಅಲ್ಲ. ಹೆಸರು, ಉದ್ದ, ಭುಜ, ತೋಳು, ಎದೆ, ಸೊಂಟ, ಕೊರಳು ಎಲ್ಲ ಯಂತ್ರಕ್ಕೆ ಹೋಗಿದ್ದವು. ಕೆಲವು ಸಾಲುಗಳ ಬದಿಯಲ್ಲಿ ವಿಠೋಬಣ್ಣ ಸಣ್ಣ ಅಕ್ಷರದಲ್ಲಿ ಬರೆದುಕೊಂಡ ಮಾತುಗಳು ಮಾತ್ರ ಅಲ್ಲಲ್ಲಿ ನಿಂತಿದ್ದವು. 'ಹೊಟ್ಟಿ ಬರಾಕತ್ತೈತಿ, ಸಡಲ ಬಿಡು.' 'ಬಲ ಭುಜ ಇಳದೈತಿ.' 'ಕೊರಳ ಗುಂಡಿ ಹಾಕೂದಿಲ್ಲ, ಸುಮ್ನ ಹೊಲಿ.' ಹೆಸರಿಲ್ಲದ, ಅಂಕಿಯಿಲ್ಲದ ಪುಟದಲ್ಲಿ ಇಂಥ ಅರವತ್ತೊಂದು ಮಾತು. ಪ್ರಭು ಯಂತ್ರದಲ್ಲಿ ಮಾಡಿದ ಕೋಷ್ಟಕದಲ್ಲಿ ಏಳು ಅಂಕಣಗಳಿದ್ದವು. ಬದಿಯ ಮಾತಿಗೆ ಒಂದು ಅಂಕಣ ಯಾಕೆ ಮಾಡಲಿಲ್ಲ ಎಂದು ಆಗ ನನಗೆ ತಿಳಿಯಲಿಲ್ಲ. ಇಂಥದ್ದನ್ನು ಬಿಡುವವನಲ್ಲ ಅವನು.

ಕೋಷ್ಟಕದಲ್ಲಿ ಇನ್ನೂರ ಹನ್ನೆರಡು ಸಾಲು. ಅಡಿವೆಪ್ಪನಿಂದ ಶುರುವಾಗಿ ಹೊನ್ನಪ್ಪನವರೆಗೆ, ಅಕ್ಷರಮಾಲೆಯ ಪ್ರಕಾರ ಅಚ್ಚುಕಟ್ಟಾಗಿ ನಿಂತಿದ್ದವು. ನೋಡಿದ ಕೂಡಲೇ ಏನಾಗಿದೆ ಎಂದು ಗೊತ್ತಾಯಿತು. ಸಿಂಪಿಗನ ಪುಸ್ತಕದಲ್ಲಿ ಜನ ಬಂದ ಹಾಗೆ ಬರೆದಿರುತ್ತಾರೆ, ಅಕಾರಾದಿಯಾಗಿ ಬರುವುದಿಲ್ಲ. ಯಾರೋ ಸಾಲುಗಳನ್ನು ಜೋಡಿಸಿದ್ದಾರೆ. ಕ್ರಮಸಂಖ್ಯೆಯ ಅಂಕಣ ಇರಲಿಲ್ಲ. ಯಾವ ಸಾಲು ಯಾವ ಪುಟದಿಂದ ಬಂತು ಎಂದು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ತರಗತಿಯಲ್ಲಿ ಕೇಳಿದೆ. ಎಲ್ಲರೂ ಬೆಂಚನ್ನೇ ನೋಡಿದರು. ಮಹಾಂತೇಶ ಸಹ. ಗಂಟೆ ಹೊಡೆದ ಮೇಲೆ ಭಾಗೀರಥಿ ಎಂಬ ಹುಡುಗಿ ತನ್ನ ಯಂತ್ರದ ಮೇಲೆ ಬಟ್ಟೆ ಹೊದಿಸುವುದನ್ನು ನಿಧಾನ ಮಾಡಿದಳು. ಎಲ್ಲರೂ ಹೋದರು.

"ನಾನ್ರಿ ಅಕ್ಕೋರ."

"ಯಾವತ್ತು?"

"ಸರ್ ಏರಿಕೆ ಕ್ರಮ ಕಲಿಸಿದ್ರಲ್ರಿ, ಅವತ್ತ ಮಧ್ಯಾಹ್ನ. ಸರ್ ಹೊರಗ ಹೋಗಿದ್ರು. ಒತ್ತಿ ನೋಡಿದೆ. ಚಂದ ಕಂಡಿತು. ಉಳಿಸಿದೆ." ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಿದ್ದಳು. "ಮರುದಿನ ಹೇಳೂಣು ಅಂದ್ರ ಸರ್ ಬರ್ಲಿಲ್ರಿ. ಜ್ವರ ಬಂದಾವ ಅಂದ್ರು. ಮತ್ತ ಬರ್ಲೇ ಇಲ್ಲ."

ಜ್ವರ ಮೂರು ದಿನ ಇತ್ತು. "ನಾಳೆ ಬೇಗ ಬಾ. ಕೆಲಸ ಇದೆ," ಎಂದೆ.

ಸಂಜೆ ಪುಸ್ತಕ ಹಿಡಿದು ವಿಠೋಬಣ್ಣನ ಅಂಗಡಿಗೆ ಹೋದೆ. ಬಟ್ಟೆಯ ತುಂಡುಗಳು ಹೆಸರಿನ ಚೀಟಿ ಚುಚ್ಚಿಕೊಂಡು ಮೊಣಕಾಲೆತ್ತರ ಬಿದ್ದಿದ್ದವು. ನಡೆದದ್ದನ್ನು ಹೇಳಿದೆ. ಯಾರು ಒತ್ತಿದರು ಎಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

"ಬದಿಯೊಳಗ ಮಾತಿಲ್ಲದವ್ರು ಎಲ್ಲಿ ಕುಂತ್ರೂ ನಡೀತೈತ್ರಿ, ಹೆಸರು ನೋಡಿ ಹುಡುಕ್ತೀನಿ. ಮಾತಿದ್ದವ್ರು ಮಾತ್ರ ಅವರವರ ಮಾತಿನ ಮುಂದನ ಇರ್ಬೇಕು. ಇಲ್ಲಂದ್ರ ಗೂನ ಬೆನ್ನಿನ ಅಂಗಿ ಪೈಲವಾನಗ ಹೋಗ್ತೈತಿ."

ಈ ಮಾತುಗಳು ಯಾರಿಗೆ ಸೇರಿದ್ದು ಎಂದು ನಿಮಗೆ ನೆನಪಿಲ್ಲವೇ ಎಂದೆ.

"ನೆನಪ ಇದ್ದಿದ್ರ ಯಾಕ ಬರೀತಿದ್ದೆ? ಈ ಊರಾಗ ಎಲ್ಲಾರೂ ತಲಿಯೊಳಗ ಇಟಗೋತಾರ. ನನ್ನ ತಲಿ ಸಣ್ಣದು, ಅದಕ್ಕ ಪುಸ್ತಕ ಮಾಡಿದೆ." ಆದರೂ ಕನ್ನಡಕ ಏರಿಸಿ ಒಂದೊಂದೇ ಪುಟ ನೋಡಿದರು. ಇಪ್ಪತ್ತೆರಡು ಮಾತಿಗೆ ಹೆಸರು ಹೇಳಿದರು. ಹತ್ತೊಂಬತ್ತನೆಯ ಪುಟದಲ್ಲಿ ಸ್ವಲ್ಪ ನಿಂತರು. "ಇದು ಗೊತ್ತಿಲ್ರಿ," ಎಂದು ಮುಂದಿನ ಪುಟಕ್ಕೆ ಹೋದರು.

ಉಳಿದದ್ದು ಮೂವತ್ತೊಂಬತ್ತು. ಮರುದಿನ ಅವನ್ನು ತರಗತಿಯಲ್ಲಿ ಓದಿದೆ. ಪರೀಕ್ಷೆಯ ಪಾಠ ನಿಂತಿತು ಎನ್ನಬಹುದು, ನಿಲ್ಲಲಿಲ್ಲ ಎಂದೂ ಅನ್ನಬಹುದು. ಹುಡುಕುವುದು, ಹೋಲಿಸುವುದು, ಷರತ್ತು ಹಾಕುವುದು ಪಾಠದಲ್ಲಿ ಇದ್ದದ್ದೇ. ಪುಟ ಹಾಗೂ ಸಾಲಿನ ಸಂಖ್ಯೆಗೆ ಎರಡು ಹೊಸ ಅಂಕಣ ಮಾಡಿಸಿದೆ.

"'ಬಲಗೈ ತೋಳ ಅಗಲ ಇಡು, ಮಡಚತಾರ.'"

"ಹಿಟ್ಟಿನ ಗಿರಣಿ ಚನಮಲ್ಲಪ್ಪ," ಎಂದರು ಮೂವರು ಒಟ್ಟಿಗೆ.

"'ಒಳಗಡೆ ಕಿಸೆ ಇಡು, ಮನ್ಯಾಗ ಗೊತ್ತಾಗಬಾರ್ದು.'"

ತರಗತಿ ನಕ್ಕಿತು. ಒಬ್ಬ ಹುಡುಗ ಮಾತ್ರ ನಗಲಿಲ್ಲ. ಕೊನೆಗೆ ಅವನೇ ಕೈ ಎತ್ತಿದ. "ನಮ್ಮಪ್ಪಂದ್ರಿ. ತಂಬಾಕ ಇಡ್ತಾನ."

"ನಿಮ್ಮವ್ವಗ ಹೇಳ್ತೀನಿ ತಡಿ," ಎಂದ ಮಹಾಂತೇಶ.

"ನಮ್ಮವ್ವನೇ ಆ ಕಿಸೆಯಾಗಿಂದ ತಗದು ತಿಂತಾಳ. ನೀ ಏನ್ ಹೇಳ್ತಿ?"

'ಉದ್ದ ಕಮ್ಮಿ ಮಾಡ್ಬ್ಯಾಡ, ಗಿಡ್ಡ ಅಂದ್ರ ಸಿಟ್ಟು ಬರ್ತೈತಿ' ಎಂಬುದನ್ನು ಓದಿದಾಗ ಎಲ್ಲರೂ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದರು. ಹಾಲಪ್ಪನವರು ವರಾಂಡದಲ್ಲಿ ಹೋಗುತ್ತಿದ್ದರು. ಪುಟ ಐದು, ಸಾಲು ಎರಡು ಎಂದು ನಾನೇ ತುಂಬಿದೆ.

ನಾಲ್ಕು ದಿನದಲ್ಲಿ ಒಂದನ್ನು ಬಿಟ್ಟು ಎಲ್ಲಕ್ಕೂ ಒಡೆಯರು ಸಿಕ್ಕರು. ಉಳಿದದ್ದು ಹತ್ತೊಂಬತ್ತನೆಯ ಪುಟ, ಮೂರನೆಯ ಸಾಲು. 'ಎಡಗೈ ಅರ್ಧ ಇಂಚ ಕಮ್ಮಿ. ಹೇಳಬ್ಯಾಡ ಅಂದಾರ.'

ಮಾತಿಲ್ಲದ ಹೆಸರುಗಳನ್ನು ಮಕ್ಕಳೇ ಪರದೆಯಲ್ಲಿ ಓದಿ, ನೆನಪಿನಿಂದ ಪಟ್ಟಿ ಮಾಡಿ ಹಂಚಿಕೊಂಡರು. ಅವರು ಮನೆ ಮನೆಗೆ ಹೋಗಿ, ಕಾಕಾ, ಎರಡೂ ಕೈ ಮುಂದ ಹಿಡೀರಿ ಎಂದರು. ಯಾಕೆ ಎಂದವರಿಗೆ ಶಾಲೆಯ ಕೆಲಸ ಎಂದರು. ಒಬ್ಬ ಮುದುಕ ತನಗೆ ಲಕ್ವ ಹೊಡೆದಿದೆಯೋ ಎಂದು ನೋಡಲು ಸರ್ಕಾರದವರು ಕಳಿಸಿದ್ದಾರೆ ಎಂದುಕೊಂಡು ಚಹಾ ಮಾಡಿಸಿ ಕೊಟ್ಟನಂತೆ. ಎರಡು ದಿನದ ಮೇಲೆ ಮಹಾಂತೇಶ ಪಟ್ಟಿಗಳನ್ನೆಲ್ಲ ಕೂಡಿಸಿ ಮೇಜಿನ ಮೇಲಿಟ್ಟ.

"ಎಲ್ಲಾರ್ನೂ ನೋಡಿದ್ವಿ ಅಕ್ಕೋರ. ಯಾರದೂ ಕಮ್ಮಿ ಇಲ್ಲ. ವಿಠೋಬಣ್ಣ ಕನಸಿನ್ಯಾಗ ಬರದಾನು."

ಭಾಗೀರಥಿ ಪಟ್ಟಿಯನ್ನು ನೋಡುತ್ತಿದ್ದಳು. ಗುರುತು ಹಾಕದ ಹೆಸರು ಒಂದೇ ಇತ್ತು. ಅವಳು ಅದರ ಮೇಲೆ ಬೆರಳಿಡಲಿಲ್ಲ. ಪಟ್ಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. ಮಹಾಂತೇಶ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ತನ್ನ ಚೀಲ ಎತ್ತಿಕೊಂಡ.

ಮನೆಗೆ ಬಂದು ಕಪಾಟು ತೆರೆದೆ. ಅತ್ತೆ ಹೋಗುವಾಗ ಅಂಗಿಗಳನ್ನು ಯಾರಿಗಾದರೂ ಕೊಡು ಎಂದಿದ್ದರು. ಕೊಟ್ಟಿರಲಿಲ್ಲ. ನೀಲಿ ಗೆರೆಯದನ್ನು ತೆಗೆದು ಮಂಚದ ಮೇಲೆ ಹಾಸಿ, ಎರಡೂ ತೋಳುಗಳನ್ನು ಕೂಡಿಸಿ, ಭುಜದ ಹೊಲಿಗೆಯನ್ನು ಹೊಲಿಗೆಗೆ ಹಿಡಿದು ಎಳೆದೆ. ಎಡಗೈಯ ಕಫ್ ಅರ್ಧ ಇಂಚು ಒಳಗೆ ನಿಂತಿತು. ಬಿಳಿಯದು ನೋಡಿದೆ. ಬೂದು ಬಣ್ಣದ್ದು ನೋಡಿದೆ. ಒಂಬತ್ತು ಅಂಗಿ. ಐದು ವರ್ಷ ಅವನ್ನು ಒಗೆದು, ಹಿಂಡಿ, ತಂತಿಗೆ ಹಾಕಿ, ಇಸ್ತ್ರಿ ಮಾಡಿದ್ದು ನಾನು. ಆ ಕೈಯನ್ನು ಹಿಡಿದುಕೊಂಡು ಆಸ್ಪತ್ರೆಯಲ್ಲಿ ಮೂರು ದಿನ ಕೂತಿದ್ದೆ. ಯಾವಾಗಲೂ ನನ್ನ ಬಲಗಡೆಗೆ ನಡೆಯುತ್ತಿದ್ದ. ಎಡಗೈ ನನ್ನ ಕಡೆ ಇರುತ್ತಿತ್ತು.

ಅಂಗಿಗಳನ್ನು ಮಡಚಿ ಒಳಗಿಟ್ಟೆ. ಅಕ್ಕಿ ಇಟ್ಟೆ. ಉಂಡೆ.

ಇನ್ನು ಪುಸ್ತಕಕ್ಕೆ ತಿರುಗಿ ಬರೆಯುವುದು ಉಳಿದಿತ್ತು, ಹತ್ತು ದಿನದ ಗಡುವಿನಲ್ಲಿ ಎರಡು ದಿನವೂ ಉಳಿದಿತ್ತು. ವಿಠೋಬಣ್ಣನಿಗೆ ನೆನಪಿನಿಂದ ಬರೆಸುವುದು ಬೇಕಿರಲಿಲ್ಲ. "ಆಗ ಸರ್ ಹೇಳಿದ್ದಕ್ಕ ಹೂಂ ಅಂದಿದ್ದೆ. ಈಗ ಸರ್ ಇಲ್ಲ. ಅರ್ಧ ಇಂಚ ತಪ್ಪಿದ್ರ ಕತ್ತರಿಸಿದ ಬಟ್ಟಿ ಹಚ್ಚಾಕ ಬರಂಗಿಲ್ರಿ. ನೋಡೇ ಬರೀರಿ" ಎಂದರು. ನೋಡಿ ಬರೆದರೆ ಯಂತ್ರದಲ್ಲಿ ಏನೂ ಉಳಿಯುವುದಿಲ್ಲ. ಪ್ರಭು ಎರಡು ವಾರ ಕೂತು ಟೈಪ್ ಮಾಡಿದ್ದು ಅದು. ಅವನ ಕೈಯಿಂದ ಆದ ಕೊನೆಯ ಕೆಲಸ ಅದೇ. ಮಕ್ಕಳಿಗೆ ಇದನ್ನೂ ಹೇಳಿದೆ, ವಿಠೋಬಣ್ಣ ಹೇಳಿದ್ದನ್ನೂ ಹೇಳಿದೆ.

"ಬಾಯಿಪಾಠ ಮಾಡಿ ಮೊದಲ ಬ್ಯಾರೆ ಹಾಳಿ ಮ್ಯಾಲ ಬರೀತೀವ್ರಿ," ಎಂದಳು ಭಾಗೀರಥಿ. "ಆಮ್ಯಾಲ ಪರದೆ ಜೋಡಿ ತಾಳೆ ನೋಡೂಣು. ನೋಡಿದ್ರ ಹೋಗೂದಿಲ್ಲ, ಬರದ್ರ ಹೋಗ್ತೈತಿ. ಎಲ್ಲಿ ತಪ್ಪೈತಿ ಅಲ್ಲಿ ಮಾತ್ರ ನೋಡಿ ತಿದ್ದೂಣು."

ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಇದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದಿಲ್ಲ. ಮಕ್ಕಳು ಒಂಬತ್ತರಿಂದ ಹತ್ತು ಸಾಲು ಹಂಚಿಕೊಂಡರು. ಒಂದು ರಾತ್ರಿ ತಲೆಯಲ್ಲಿಟ್ಟುಕೊಂಡು ಬಂದು ಬೆಳಿಗ್ಗೆ ಬರೆದರು. ತಾಳೆ ನೋಡಿದೆವು. ಇನ್ನೂರ ಹನ್ನೊಂದು ಸಾಲಿನಲ್ಲಿ ತಪ್ಪು ಒಂಬತ್ತು. ಆ ಒಂಬತ್ತು ಅಂಕಿಗಳನ್ನು ಪರದೆ ನೋಡಿ ತಿದ್ದಿದಾಗ ಕೋಷ್ಟಕದಲ್ಲಿ ಒಂಬತ್ತು ಮನೆ ಖಾಲಿಯಾದವು. ವಿಠೋಬಣ್ಣ ಬಂದು ಪರದೆಯ ಮುಂದೆ ಬಗ್ಗಿ ಆ ಖಾಲಿ ಮನೆಗಳನ್ನು ಬೆರಳಿನಿಂದ ಎಣಿಸಿದರು.

"ತಪ್ಪ ಇಲ್ಲೇ ಇಲ್ಲ ಅಂದಿದ್ರ ನಂಬತಿದ್ದಿಲ್ಲ," ಎಂದರು. "ಎಲ್ಲೆಲ್ಲಿ ತೂತು ಬಿದ್ದೈತಿ ಅಂತ ತೋರಿಸಿದ್ರಿ. ಬರೀರಿ ಪುಸ್ತಕದಾಗ."

ಸಂಜೆ ನಾಲ್ಕರ ಹೊತ್ತಿಗೆ ಇನ್ನೂರ ಹನ್ನೊಂದು ಸಾಲು ಪುಸ್ತಕ ಸೇರಿದವು. ಇಪ್ಪತ್ಮೂರು ಬಗೆಯ ಅಕ್ಷರ. ಉಳಿದ ಒಂದು ಸಾಲನ್ನು, ಪ್ರಭುವಿನದನ್ನು, ಮಕ್ಕಳು ಹಂಚಿಕೊಂಡಿರಲಿಲ್ಲ. ನಾನು ಹಂಚಿರಲಿಲ್ಲ, ಅವರು ಕೇಳಿರಲಿಲ್ಲ. ಎಲ್ಲರೂ ಹೋದ ಮೇಲೆ ಭಾಗೀರಥಿ ಉಳಿದಳು.

"ಅದನ್ನ ಖಾಲಿ ಬಿಟ್ರೂ ನಡೀತೈತಿ ಅಂದ್ರು ವಿಠೋಬಣ್ಣ. ಇನ್ನ ಹೊಲಿಯೂದಿಲ್ಲಲ್ಲ ಅಂತ." ಆಮೇಲೆ, "ಇಲ್ಲಂದ್ರ ನಾನು ಬಾಯಿಪಾಠ ಮಾಡಿ ಬರೀತೀನ್ರಿ. ಪರದೆ ಮ್ಯಾಲ ಉಳೀತೈತಿ."

ಅವಳು ಬರೆಯಬಲ್ಲಳು, ನನಗೆ ಗೊತ್ತಿತ್ತು. ನಾನೂ ಹಿಂದಿನ ಎರಡು ದಿನ ಪ್ರಯತ್ನ ಮಾಡಿದ್ದೆ. ಆರೇ ಅಂಕಿ. ಕಣ್ಣು ಮುಚ್ಚಿದರೆ ನಿಲ್ಲುತ್ತಿರಲಿಲ್ಲ. ಈ ಊರಿನ ಮಕ್ಕಳು ಹಾಲು ಕುಡಿಯುವಾಗ ಕಲಿತದ್ದನ್ನು ನಾನು ಈಗ ಕಲಿಯಲಾರೆ. ಖಾಲಿ ಬಿಡಬಹುದಿತ್ತು. ಆಗ ಅವನ ಸಾಲು ಯಂತ್ರದಲ್ಲಿ ನನ್ನ ಹತ್ತಿರವೇ ಇರುತ್ತಿತ್ತು, ಪುಸ್ತಕದ ಬದಿಯಲ್ಲಿ ಯಾರದೋ ಗಿಡ್ಡ ಕೈ ಒಂದೇ ನಿಂತಿರುತ್ತಿತ್ತು. ಆ ಮಾತು ಅವನು ಒಬ್ಬ ಸಿಂಪಿಗನಿಗೆ ಹೇಳಿದ್ದು. ನನಗೆ ಹೇಳಿದ್ದಲ್ಲ. ಪುಸ್ತಕ ಒಯ್ಯುವಾಗ ಅದರ ಮುಂದೆ ಅವನ ಹೆಸರಿತ್ತು.

"ಈ ಸಾಲು ನಾನು ನೋಡಿಯೇ ಬರೆಯುತ್ತೇನೆ," ಎಂದೆ.

"ಹೋಗ್ತೈತ್ರಿ ಅಕ್ಕೋರ."

"ಗೊತ್ತು."

ಅವಳು ಹತ್ತೊಂಬತ್ತನೆಯ ಪುಟವನ್ನು ಎರಡೂ ಕೈಯಿಂದ ಚಪ್ಪಟೆ ಹಿಡಿದಳು. ನಾನು ಪರದೆ ನೋಡಿ ಪ್ರಭುಲಿಂಗ ಎಂದು ಬರೆದೆ. ಪರದೆಯ ಮೇಲೆ ಹೆಸರು ಮೊದಲಕ್ಷರದಿಂದ ಹೋಗುತ್ತ ಬಂತು. ಉದ್ದ ಇಪ್ಪತ್ತೆಂಟೂವರೆ. ಭುಜ ಹದಿನೇಳೂವರೆ. ತೋಳು ಇಪ್ಪತ್ನಾಲ್ಕು. ಎದೆ ಮೂವತ್ತೆಂಟು. ಸೊಂಟ ಮೂವತ್ನಾಲ್ಕು. ಕೊರಳು ಹದಿನೈದು. ಒಂದು ಅಡ್ಡಸಾಲು ಪೂರ್ತಿ ಖಾಲಿಯಾಗಿ, ಮೊದಲ ಮನೆಯಲ್ಲಿ ಸಣ್ಣ ಗೆರೆಯೊಂದು ಮಿನುಗುತ್ತಿತ್ತು. ಅಲ್ಲಿ ಯಾರಾದರೂ ಏನನ್ನಾದರೂ ಬರೆಯಬಹುದು ಎನ್ನುವಂತೆ. ಉಳಿಸಿ, ಯಂತ್ರ ನಿಲ್ಲಿಸಿದೆ. ಭಾಗೀರಥಿ ಅದರ ಮೇಲೆ ಬಟ್ಟೆ ಹೊದಿಸಿದಳು.

ಬಾಗಿಲಿಗೆ ಕೀಲಿ ಹಾಕುವಾಗ ಅವಳು ನನ್ನ ಹಿಂದೆ ನಿಂತು, ಪಾಠ ಒಪ್ಪಿಸುವ ದನಿಯಲ್ಲಿ, "ಇಪ್ಪತ್ತೆಂಟೂವರಿ, ಹದಿನೇಳೂವರಿ, ಇಪ್ಪತ್ನಾಕು, ಮೂವತ್ತೆಂಟು, ಮೂವತ್ನಾಕು, ಹದಿನೈದು" ಎಂದಳು. "ನೀವು ಬರಿಯೂ ಮೊದಲ ಓದಿದ್ದೆ ಅಕ್ಕೋರ. ನಂಗ ಬರ್ತೈತಿ. ಬೇಕಾದಾಗ ಕೇಳ್ರಿ."

ಕೀಲಿಕೈಯನ್ನು ಕೀಲಿಯಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಹಳೆಯ ಕೀಲಿ. "ನಾಳೆ ಐದನೆಯ ಪಾಠ ಶುರು ಮಾಡೋಣ," ಎಂದೆ. "ಯಾವ ಕೋಷ್ಟಕ ಮಾಡಿದರೂ ಮೊದಲು ಏನು ಬರೆಯಬೇಕು?"

"ಕ್ರಮಸಂಖ್ಯೆ ಅಂಕಣ್ರಿ."

"ಹೋಗು."

ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಪೇಟೆಯ ದಾರಿಯಲ್ಲಿ ನಡೆದೆ. ವಿಠೋಬಣ್ಣ ಮಷೀನಿನ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ಎದುರಿನ ರೆಡಿಮೇಡ್ ಅಂಗಡಿಯಲ್ಲಿ ಹಾಡು ಹಾಕಿದ್ದರು. ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡರು. ಮೊದಲಿನಿಂದ ಪುಟ ತಿರುವಿದರು. ಬೆರಳು ಸಾಲಿನ ಮೇಲೆ, ಆಮೇಲೆ ಬದಿಯ ಮಾತಿನ ಮೇಲೆ, ಮತ್ತೆ ಸಾಲಿನ ಮೇಲೆ. ಕೆಲವು ಕಡೆ ಹೂಂ ಎಂದರು. ಹತ್ತೊಂಬತ್ತನೆಯ ಪುಟದಲ್ಲಿ ನಿಂತರು.

"ಇದನ್ನೂ ಬರದ್ರಿ."

"ಒಯ್ದಾಗ ಇತ್ತಲ್ಲ."

ಅವರು ನನ್ನನ್ನು ನೋಡಲಿಲ್ಲ. "ಮದುವಿ ಅಂಗಿ ಹೊಲಿಯೂ ಮುಂದ ಹೇಳಿದ್ರು. ಆಕಿಗೆ ಗೊತ್ತಾಗೂದು ಬ್ಯಾಡ, ಎರಡೂ ಒಂದ ಸಮ ಕಾಣಬೇಕು ವಿಠೋಬಣ್ಣ ಅಂತ."

"ಸಮವಾಗಿಯೇ ಕಾಣುತ್ತಿತ್ತು," ಎಂದೆ.

"ಈ ಸಾಲು ಕತ್ತರಿಸಿ ಕೊಡ್ಲಿ ಏನ್ರಿ? ಒಂದ ಪಟ್ಟಿ ಹೋದ್ರ ನಂಗೇನೂ ಆಗೂದಿಲ್ಲ." ಕೈ ಕತ್ತರಿಯ ಮೇಲೆ ಹೋಗಿತ್ತು.

"ಬೇಡ. ಪುಸ್ತಕ ನಿಮ್ಮದು."

ಅಷ್ಟರಲ್ಲಿ ಒಬ್ಬಾತ ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಡದೆ ಒಂದು ಕಾಲು ಮಾತ್ರ ಒಳಗಿಟ್ಟು, ಮಡಚಿದ ಬಟ್ಟೆಯೊಂದನ್ನು ರಾಶಿಯ ಮೇಲೆ ಎಸೆದ. ನಾನು ಒಂದು ಪಕ್ಕಕ್ಕೆ ಸರಿದೆ.

"ಯುಗಾದಿಗೆ ಬೇಕ ನೋಡು. ಅಳತಿ ಐತಲ್ಲ?"

ವಿಠೋಬಣ್ಣ ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು.

"ಐತಿ," ಎಂದರು.